ಭೂತಯ್ಯ ಹಾಕಿಕೊಂಡ ಎಲೆಅಡಿಕೆ

ನನ್ನ ಮೈದುನ ಭೂತಯ್ಯ ಯಾರಿಗೂ ಬೇಡ ಅಂದವನಲ್ಲ. ಮೂಡಿಗೆರೆ ಕಡೆಯ ತೋಟದಲ್ಲಿ ಮೇಸ್ತ್ರಿಯಾಗಿದ್ದಾಗಲೂ ಹಾಗೆಯೇ. ತೋಟದ ಲೆಕ್ಕ ಬರೆಯುವ ರೈಟರು ಹೇಳಿದ್ದಕ್ಕೂ ಹೂಂ, ಆಳುಗಳು ಹೇಳಿದ್ದಕ್ಕೂ ಹೂಂ. ಕೊನೆಗೆ ಇಬ್ಬರ ಬೈಗುಳವೂ ಅವನಿಗೇ. ಹೆಣ್ಣು ನೋಡಲು ಹೋಗಿ, ಉಪ್ಪಿಟ್ಟು ಚೆನ್ನಾಗಿದೆ ಎಂದು ಮದುವೆಗೆ ಒಪ್ಪಿ ಬಂದವನು. ಪುಣ್ಯಕ್ಕೆ ಹೆಣ್ಣೂ ಒಳ್ಳೆಯವಳಾದಳು. ಊರಿಗೆಲ್ಲ ಬೇಕಾದವನು. ನನಗೆ ಮಾತ್ರ ಅವನನ್ನು ಕಂಡರೆ ಪ್ರೀತಿ ಎಷ್ಟೋ ಸಿಟ್ಟೂ ಅಷ್ಟೇ.

ನಾನಿರುವ, ತೋಟದ ಆಳುಗಳ ಲೈನ್ ಮನೆಯನ್ನು ಕೆಡವುತ್ತಾರೆ, ಮಳೆಗಾಲಕ್ಕೆ ಮೊದಲು ಬಿಡಬೇಕು. ಗಂಡ ಇದ್ದಾಗಿನಿಂದ ಕೂಡಿಟ್ಟದ್ದರಲ್ಲಿ ಒಂದು ಮನೆ ಕೊಳ್ಳಬಹುದು. ಅದು ಕೆಟ್ಟದ್ದಾದರೆ ಇನ್ನೊಂದು ಕೊಳ್ಳಲು ಈ ಜನ್ಮದಲ್ಲಿ ಆಗದು. ಕಳಸದ ದಾರಿಯಲ್ಲಿ ಶಶಿಧರ್ ಗೌಡರು ಹೋಂಸ್ಟೇಗೆಂದು ಹಾಕಿಸಿದ್ದ ಹಳೆಯ ರೆಡಿಮೇಡ್ ಮನೆ, ಜಾಗದ ಸಮೇತ, ಮಾರಾಟಕ್ಕಿದೆ ಎಂದರು. ಕಾರ್ಖಾನೆಯಲ್ಲಿ ಮಾಡಿದ ಗೋಡೆಯ ಹಲಗೆಗಳನ್ನು ಲಾರಿಯಲ್ಲಿ ತಂದು, ಕಬ್ಬಿಣದ ಕಾಲುಗಳ ಮೇಲೆ ಬೋಲ್ಟ್ ಹಾಕಿ ನಿಲ್ಲಿಸಿದ ಮನೆ. ಹೆಂಗಸು ಒಬ್ಬಳೇ ಹೋದರೆ ಮಾತಿಗೆ ಬೆಲೆ ಇಲ್ಲವೆಂದು ಭೂತಯ್ಯನನ್ನು ಕರೆದುಕೊಂಡೆ. ಬಸ್ಸಿನಲ್ಲೇ ಹೇಳಿದೆ:

“ನೋಡು ಮಾರಾಯ, ನಾನು ಎಲ್ಲ ನೋಡಿ ಮುಗ್ಸೋವರ್ಗೂ ಬಾಯಿ ಬಿಡ್ಬೇಡ. ಎಲೆಅಡಿಕೆ ಕೊಟ್ರೆ ಮುಟ್ಬೇಡ. ಬೆಳಿಗ್ಗೆಯಿಂದ ನಾನೂ ಹಾಕಿಲ್ಲ.”

“ಅಷ್ಟೂ ಗೊತ್ತಿಲ್ವಾ ಅತ್ಗೆ?” ಎಂದ.

ವ್ಯಾಪಾರದಲ್ಲಿ ಎಲೆಅಡಿಕೆ ತೆಗೆದುಕೊಂಡರೆ ಮಾತು ಮುಗಿದ ಹಾಗೆ. ನಮ್ಮ ಕಡೆ ಅದು ಮಕ್ಕಳಿಗೂ ಗೊತ್ತು.

ಮನೆಗೆ ಹೊಸದಾಗಿ ಬಣ್ಣ ಬಳಿಸಿದ್ದರು. ಒಳಗೆ ಹೋಗಿ ಒಂದು ಲೋಟ ನೀರನ್ನು ನೆಲಕ್ಕೆ ಸುರಿದೆ. ನೀರು ನಿಲ್ಲದೆ ಬಚ್ಚಲಿನ ಮೂಲೆಗೆ ಓಡಿತು. ಆ ಮೂಲೆಯಲ್ಲಿ ಕಾಲಿಟ್ಟರೆ ನೆಲ ಮೆತ್ತಗೆ. ಗೋಡೆ ತಟ್ಟಿದೆ, ಮೇಲೆ ಟಣ್ ಎಂದದ್ದು ಕೆಳಗೆ ದಬ್ ಎಂದಿತು.

“ಏನು ಜವರಮ್ಮ, ಹಲಸಿನಕಾಯಿ ತಟ್ಟಿದ ಹಾಗೆ ತಟ್ತೀರಲ್ಲ!” ಎಂದು ಗೌಡರು ನಕ್ಕರು.

ಭೂತಯ್ಯನೂ ನಕ್ಕ. “ಒಳ್ಳೆ ಮನೆ ಬಿಡಿ ಗೌಡ್ರೇ. ಗಾಳಿ ಎಷ್ಟು ಚೆನ್ನಾಗಿ ಬರ್ತದೆ!”

ಗಾಳಿ ಬರುತ್ತಿದ್ದದ್ದು ಕಿಟಕಿಯಿಂದಲ್ಲ, ಹಲಗೆಗಳ ಸಂದಿಯಿಂದ.

ಅವನತ್ತ ಕಣ್ಣು ಕೆಕ್ಕರಿಸಿ, ಎಲೆಚೀಲದಲ್ಲಿದ್ದ ಅಡಕತ್ತರಿ ಹಿಡಿದು ಮನೆಯ ಅಡಿಗೆ ಬಗ್ಗಿ ಹೋದೆ. ಕಬ್ಬಿಣದ ಕಾಲನ್ನು ಕೆರೆದರೆ, ಬಣ್ಣದ ಅಡಿಯ ತುಕ್ಕು ಕಾಫಿಬೀಜದ ಸಿಪ್ಪೆಯಂತೆ ಪದರ ಪದರವಾಗಿ ಉದುರಿತು. ಪಕ್ಕದ ಕಾಲಿನಲ್ಲಿ ಅಡಕತ್ತರಿಯ ತುದಿಯೇ ತೂರಿಹೋಯಿತು.

ಸೀರೆ ಕೊಡವುತ್ತಾ ಹೊರಬಂದರೆ ಭೂತಯ್ಯ ಮೆಟ್ಟಿಲ ಮೇಲೆ ಕೂತಿದ್ದ. ಕಾಫಿ ಲೋಟ ಖಾಲಿ. ಪಕ್ಕದಲ್ಲಿ ಎಲೆಯ ತಟ್ಟೆ. ಬಾಯಿ ಕೆಂಪಗೆ.

“ಭೂತಯ್ಯಾ!”

ಉಗುಳಲೂ ಆಗದೆ ನುಂಗಲೂ ಆಗದೆ ನನ್ನ ಮುಖ ನೋಡಿದ. “ಕೈಗೇ ಇಟ್ರು ಅತ್ಗೆ. ಹೆಂಗೆ ಬೇಡ ಅನ್ನೋದು?”

“ಮಾತು ಮುಗೀತಲ್ಲ. ಒಳ್ಳೇ ದಿನ ನೋಡಿ ಹಾಲು ಉಕ್ಕಿಸಿ,” ಎಂದರು ಗೌಡರು.

“ಕಾಲುಗಳು ತುಕ್ಕು ತಿಂದು ತೂತಾಗಿದಾವೆ ಗೌಡ್ರೇ.”

“ಅದನ್ನ ಎಲೆ ಹಾಕೋಕೆ ಮುಂಚೆ ಹೇಳ್ಬೇಕಿತ್ತು.”

“ಹೌದು ಅತ್ಗೆ, ಮಾತು ಕೊಟ್ಟಾಯ್ತು,” ಎಂದು ಭೂತಯ್ಯನೇ ಗೊಣಗಿದ! ಗೌಡರಿಗಿಂತ ಇವನ ಮೇಲೆ ನನಗೆ ಸಿಟ್ಟು ನೆತ್ತಿಗೇರಿತು.

ನನ್ನ ಚೀಲದಿಂದ ಎರಡು ಎಲೆ, ಒಂದು ಇಡೀ ಅಡಿಕೆ ತೆಗೆದು ಅವರ ತಟ್ಟೆಯಲ್ಲಿಟ್ಟೆ. “ಇವನು ತಿಂದಿದ್ದು ವಾಪಸ್ಸು. ಮನೆ ಕೊಳ್ಳೋಳು ನಾನು. ನನ್ನ ಬಾಯಿ ನೋಡಿ, ಕೆಂಪಾಗಿದ್ಯಾ?”

ಗೌಡರು ಮುಖ ಗಂಟಿಕ್ಕಿದರು. “ಹಿಂಗೆ ಮಾಡಿದ್ರೆ ಈ ಕಡೆ ನಿಮಗೆ ಯಾರೂ ಮನೆ ತೋರ್ಸಲ್ಲ,” ಎಂದು ತಟ್ಟೆ ಎತ್ತಿಕೊಂಡು ಹೋದರು.

ಬಸ್ಸು ಬರಲಿಲ್ಲ. ರಸ್ತೆ ಬದಿಯಲ್ಲಿ ನಿಂತೇ ಇದ್ದೆವು. ಬಹಳ ಹೊತ್ತಾದ ಮೇಲೆ ಭೂತಯ್ಯ ಮೆಲ್ಲಗೆ, “ಕಾಫಿ ಮಾತ್ರ ಚೆನ್ನಾಗಿತ್ತು ಅತ್ಗೆ,” ಎಂದ.

ಇನ್ನೂ ಮನೆ ಹುಡುಕಬೇಕು. ಇವನನ್ನು ಬಿಟ್ಟು ಹೋಗುವಂತಿಲ್ಲ, ಕರೆದುಕೊಂಡು ಹೋಗುವಂತೆಯೂ ಇಲ್ಲ.