ಸಮುದ್ರದಾಚೆಯ ಹೆಣ್ಣುಮಗಳು

ಕೊಪ್ಪಳ ಜಿಲ್ಲೆಯಾದ ಮರುವರ್ಷ ಗಂಗಾವತಿಯಲ್ಲಿ ಸಂಘಗಳು ನಾಯಿಕೊಡೆಗಳ ಹಾಗೆ ಎದ್ದವು. ಹೊಸ ಜಿಲ್ಲೆ, ಹೊಸ ಲೆಟರ್‌ಹೆಡ್ಡು, ಹೊಸ ಅಧ್ಯಕ್ಷರು. ಅವುಗಳಲ್ಲಿ ನಮ್ಮದೂ ಒಂದು. ಹೊರದೇಶದ ಬೂಟಿನ ಕಾರ್ಖಾನೆಗಳಲ್ಲಿ ಹೆಣ್ಣುಮಕ್ಕಳನ್ನು ಹಿಂಡಿ ದುಡಿಸುತ್ತಾರೆ, ಆದ್ದರಿಂದ ಆ ಬೂಟುಗಳನ್ನು ಬಹಿಷ್ಕರಿಸಬೇಕು ಎಂಬುದು ನಮ್ಮ ಹೋರಾಟ. ವಿಷಯವೇನೋ ಸುಳ್ಳಲ್ಲ. ಆದರೆ ಗಂಗಾವತಿಯಲ್ಲಿ ಆ ಬೂಟು ಮೆಟ್ಟಿದವರನ್ನು ನಾನಂತೂ ಕಂಡಿರಲಿಲ್ಲ. ಗದ್ದೆಯ ಕೆಸರಿಗೆ, ಅಕ್ಕಿ ಗಿರಣಿಯ ಧೂಳಿಗೆ ಹವಾಯಿ ಚಪ್ಪಲಿಯೇ ಹೆಚ್ಚು. ಕಾಲಿನಲ್ಲೇ ಇಲ್ಲದ ಬೂಟನ್ನು ಬಿಟ್ಟುಬಿಡುತ್ತೇವೆಂದು ಹನ್ನೊಂದು ಜನ ಗಂಡಸರು ಎದೆ ಮುಟ್ಟಿ ಪ್ರತಿಜ್ಞೆ ಮಾಡಿದೆವು. ಇಂಥ ತ್ಯಾಗ ನಮಗೆ ಬಹಳ ಸಲೀಸು.

ಅಧ್ಯಕ್ಷರು ನಿವೃತ್ತ ಪ್ರಾಚಾರ್ಯರು. ಖಾದಿ ಜುಬ್ಬಾ, ಮಾತಿಗೊಮ್ಮೆ ಮಾನವೀಯತೆ. ನಾನು ಕಾರ್ಯದರ್ಶಿ, ಕಾಲೇಜಿನಲ್ಲಿ ಆಗತಾನೇ ಕೆಲಸಕ್ಕೆ ಸೇರಿದ ಮೇಷ್ಟ್ರು. ಕರಪತ್ರ ಬರೆಯುವುದು ನನ್ನ ಪಾಲಿಗೆ ಬಂತು. ಬೆಂಗಳೂರಿನಿಂದ ಯಾರೋ ಕಳಿಸಿದ ಇಂಗ್ಲಿಷ್ ಹಾಳೆಗಳಿದ್ದವು, ಓದಿದರೆ ಆಕಳಿಕೆ ಬರುತ್ತಿತ್ತು. "ಕಣ್ಣಾಗ ನೀರು ಬರಬೇಕ್ರಿ, ಅಂಥಾದ್ದೇನರ ಬರೀರಿ" ಎಂದರು ಅಧ್ಯಕ್ಷರು, ಚಹಾಕ್ಕೆ ಇನ್ನಷ್ಟು ಸಕ್ಕರೆ ಕೇಳುವವರ ಹಾಗೆ.

ಕಣ್ಣೀರು ನಮ್ಮ ಓಣಿಯಲ್ಲೇ ಇತ್ತು. ನನ್ನ ಬಾಡಿಗೆ ಕೋಣೆಯ ಎದುರಿನ ತಗಡಿನ ಮನೆಯಲ್ಲಿ ಹುಲಿಹೈದರ ಎಂಬ ಹಳ್ಳಿ ಕಡೆಯ ಒಬ್ಬ ಹೆಣ್ಣುಮಗಳು ಗಂಡ, ಮಕ್ಕಳೊಂದಿಗೆ ಇದ್ದಳು. ಬಜಾರದ ಚಪ್ಪಲಿ ಸಾವುಕಾರರ ಅಂಗಡಿಯ ಹಿಂದೆ ಒಂದು ಶೆಡ್ಡು. ಅಲ್ಲಿ ಆಕೆಯೂ ಇನ್ನು ಆರೇಳು ಹೆಂಗಸರೂ ಚಪ್ಪಲಿಗೆ ರಬ್ಬರಿನ ಸೋಲು ಅಂಟಿಸುತ್ತಿದ್ದರು. ಒಕ್ಕಲುತನದ ಮನೆಯವಳು ಚಪ್ಪಲಿ ಕೆಲಸಕ್ಕೆ ಹೋಗುತ್ತಾಳೆಂದರೆ ಊರವರು ಆಡಿಕೊಳ್ಳುತ್ತಾರೆ, ಹಾಗಾಗಿ ಅತ್ತೆಮನೆಯವರಿಗೆ ರೈಸ್‌ಮಿಲ್ಲಿಗೆ ಹೋಗುತ್ತೇನೆ ಎಂದೇ ಹೇಳಿದ್ದಳು. ಎಂಥ ಸುಡುಗಾಡು ಮರ್ಯಾದೆ ನಮ್ಮದು! ಚಪ್ಪಲಿ ಮೆಟ್ಟುವುದಕ್ಕೆ ಅಡ್ಡಿಯಿಲ್ಲ, ಮಾಡಿದರೆ ಮೈಲಿಗೆ. ಬೂಟಿನ ಮೇಲೆ ಭಾಷಣ ಮಾಡಲು ಹೊರಟವನಿಗೆ ಬೂಟು ಹೇಗೆ ತಯಾರಾಗುತ್ತದೆಂದೇ ಗೊತ್ತಿರಲಿಲ್ಲ. ಕೇಳಲು ಆಕೆಯ ಬಳಿ ಹೋದೆ.

"ಸಲ್ಯೂಷನ್ ಹಚ್ಚಿ ಸೋಲ್ ಕೂಡಸ್ತೀವ್ರಿ ಸರ. ಗಾಳಿ ಬಂದ್ರ ಧೂಳ ಕುಂದರತೈತಿ, ಸೋಲ್ ಹಿಡಿಯಂಗಿಲ್ಲ ಅಂತ ಕಿಡಕಿ ಮುಚ್ಚಿರ್ತಾರ್ರಿ. ಬಾಗಲಕ್ಕ ಹೊರಗಿಂದ ಕೀಲಿ. ಒಂದಕ್ಕ ಹೋಗಾಕೂ ಬಾಗಲಾ ಬಡೀಬೇಕು. ತಲಿ ಗಿಂವ್ ಅಂತೈತ್ರಿ. ಮನಿಗೆ ಬಂದು ರೊಟ್ಟಿ ಬಡದ್ರ ರೊಟ್ಟಿನೂ ಸಲ್ಯೂಷನ್ ನಾರತೈತಿ, ಹುಡ್ರು ಉಣ್ಣಂಗಿಲ್ಲ."

ಬೆರಳಿಗೆ ಹತ್ತಿದ ಅಂಟನ್ನು ಸಿಪ್ಪೆಯಂತೆ ಸುಲಿಯುತ್ತ ಆಕೆ ಕೊನೆಗೆ ಕೇಳಿದ್ದು ಒಂದೇ. "ಸಾವುಕಾರ್ರು ನಿಮ್ಮ ಮಾತು ಕೇಳ್ತಾರ್ರಿ. ಆ ಕೀಲಿ ಒಂದು ತಗಸ್ರಿ, ಸಾಕು."

"ತಗಸೋಣ ಅಕ್ಕಾ" ಎಂದೆ. ಹಾಗೆನ್ನುವಾಗ ತಲೆಯಲ್ಲಿ ಓಡುತ್ತಿದ್ದದ್ದು ಕರಪತ್ರದ ಮೊದಲ ಸಾಲು.

ಆಕೆ ಹೇಳಿದ್ದನ್ನೆಲ್ಲ ಇಸ್ತ್ರಿ ಮಾಡಿ 'ಸಮುದ್ರದಾಚೆಯ ಒಬ್ಬ ಸೋದರಿ'ಯ ಬಾಯಿಗೆ ಹಾಕಿದೆ. ಸಾವುಕಾರರ ಬಳಿ ಮಾತ್ರ ಹೋಗಲಿಲ್ಲ. ಹೇಗೆ ಹೋಗಲಿ? ನಮ್ಮ ಸಭೆಯ ಶಾಮಿಯಾನಾ, ಮೈಕು, ಚಹಾ, ಚುರುಮುರಿ ಎಲ್ಲ ಅವರದೇ. ಹೊರದೇಶದ ಬೂಟು ಬರದಿದ್ದರೆ ತಮ್ಮ ಮಾಲು ಹೆಚ್ಚು ಖರ್ಚಾಗುತ್ತದೆಂದು ಅವರು ಎಂದೋ ಲೆಕ್ಕ ಹಾಕಿದ್ದರು. ನಾವು ಅದನ್ನು ದೊಡ್ಡ ಮನಸ್ಸು ಎಂದು ತಿಳಿದು ಕೈ ಮುಗಿದೆವು.

ಸಭೆ ತುಂಬಿ ಕಾಣಲೆಂದು ಸಾವುಕಾರರು ಶೆಡ್ಡಿನ ಹೆಂಗಸರನ್ನೂ ಕಳಿಸಿಕೊಟ್ಟರು. ಅವರನ್ನು ಮುಂದುಗಡೆ ಜಮಖಾನೆಯ ಮೇಲೆ ಕೂರಿಸಿದೆವು. ಫೋಟೋದಲ್ಲಿ ಚೆಂದ ಬರುತ್ತದೆಂದು ಅಧ್ಯಕ್ಷರ ಸಲಹೆ. ವೇದಿಕೆಯ ನಡುವಿನ ಕುರ್ಚಿ ಸಾವುಕಾರರಿಗೆ.

ಅಧ್ಯಕ್ಷರು ಕರಪತ್ರವನ್ನು ನಾಟಕದ ದನಿಯಲ್ಲಿ ಓದಿದರು. "ಕಿಟಕಿಯಿಲ್ಲ, ಗಾಳಿಯಿಲ್ಲ, ಬಾಗಿಲಿಗೆ ಹೊರಗಿನಿಂದ ಕೀಲಿ! ಮನೆಗೆ ಬಂದು ರೊಟ್ಟಿ ತಟ್ಟಿದರೆ ರೊಟ್ಟಿಗೂ ಅಂಟಿನ ನಾತ! ಬಂಧುಗಳೇ, ಆ ಸೋದರಿಯ ಮಕ್ಕಳು ಹಸಿದು ಮಲಗುತ್ತಾರೆ!" ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು. ಸಾವುಕಾರರೂ ಕರವಸ್ತ್ರ ತೆಗೆದರು. ಸಮುದ್ರದಾಚೆಯ ಅನ್ನ ಉಣ್ಣುವ ನಾಡಿಗೆ ಜೋಳದ ರೊಟ್ಟಿ ಹೇಗೆ ಹೋಯಿತೆಂದು ಅಷ್ಟು ಜನ ಪದವೀಧರರಲ್ಲಿ ಒಬ್ಬನಿಗೂ ಹೊಳೆಯಲಿಲ್ಲ. ಬರೆದ ನನಗೇ ಹೊಳೆದಿರಲಿಲ್ಲ.

ಹೊಳೆದದ್ದು ಜಮಖಾನೆಯ ಮೇಲೆ ಕೂತಿದ್ದ ಎದುರುಮನೆಯ ಆಕೆಗೆ. ತಲೆಯ ಮೇಲೆ ಸೆರಗು ಎಳೆದುಕೊಂಡು ಎದ್ದು ನಿಂತಳು.

"ಆ ದೇಶದಾಗೂ ರೊಟ್ಟಿ ಬಡೀತಾರೇನ್ರಿ?"

ಜನ ಹೋ ಎಂದು ನಕ್ಕರು. ಆಕೆ ಕೂರಲಿಲ್ಲ.

"ಅದು ನಾ ಹೇಳಿದ್ದ್ರಿ. ನಮ್ಮ ಶೆಡ್ಡಿಂದು. ಕೀಲಿನೂ ನಮ್ಮ ಬಾಗಲದ್ದ. ಬೇಕಾದ್ರ ಈ ಸರ್ರನ್ನ ಕೇಳ್ರಿ."

ರೈಸ್‌ಮಿಲ್ಲಿನ ಸುಳ್ಳನ್ನು ಅಷ್ಟು ಮಂದಿಯೆದುರು ಆಕೆ ತಾನೇ ಬಿಟ್ಟುಕೊಟ್ಟಿದ್ದಳು. ಊರಿಗೆ ಸುದ್ದಿ ಮುಟ್ಟುತ್ತದೆಂದು ಗೊತ್ತಿದ್ದೂ ನಿಂತಿದ್ದಳು, ಆ ಕೀಲಿ ಹೋದರೆ ಸಾಕೆಂದು. ಅಧ್ಯಕ್ಷರು ನನ್ನನ್ನು ನೋಡಿದರು. ಸಾವುಕಾರರು ಕರವಸ್ತ್ರವನ್ನು ನಿಧಾನಕ್ಕೆ ಮಡಚುತ್ತ ನನ್ನನ್ನು ನೋಡಿದರು. ನಾನು 'ಹೌದು' ಎಂದಿದ್ದರೆ ಸಾಕಿತ್ತು. ಅಧ್ಯಕ್ಷರು ಮೈಕನ್ನೂ ನನ್ನ ಕೈಗೇ ಕೊಟ್ಟಿದ್ದರು.

"ಕಷ್ಟ ಎಲ್ಲಾ ದೇಶದಾಗೂ ಒಂದ ಥರ ಇರ್ತೈತ್ರಿ. ಅದಕ್ಕ ಈ ತಾಯಿಗೆ ಇದು ತನ್ನದ ಅನಿಸೇತಿ" ಎಂದೆ.

ಚಪ್ಪಾಳೆ ಬಿತ್ತು. ಆ ದಿನ ಬಿದ್ದ ಚಪ್ಪಾಳೆಗಳಲ್ಲೆಲ್ಲ ದೊಡ್ಡದು ನನ್ನ ಆ ಹೇಡಿ ಮಾತಿಗೇ. ಈಗಲೂ ನೆನೆದರೆ ನನ್ನ ಮುಖಕ್ಕೆ ನಾನೇ ಉಗುಳಬೇಕು ಅನ್ನಿಸುತ್ತದೆ. ಆಕೆ ಒಂದು ಗಳಿಗೆ ನನ್ನನ್ನೇ ನೋಡಿ ಕೂತಳು. ಸಾವುಕಾರರಿಗೆ ಹಾರ ಹಾಕಿದೆವು, ವಂದನಾರ್ಪಣೆ ನನ್ನದೇ.

ಮರುದಿನ ಶೆಡ್ಡಿಗೆ ಹೋದವಳನ್ನು ಬಾಗಿಲಿನಿಂದಲೇ ತಿರುಗಿಸಿ ಕಳಿಸಿದರಂತೆ. ಉಳಿದವರು ಒಳಗೆ ಹೋದರು, ಹಿಂದೆಯೇ ಕೀಲಿ ಬಿತ್ತು. ನಾನು ನಾಲ್ಕು ದಿನ ಹಿತ್ತಲ ದಾರಿಯಿಂದ ಕಾಲೇಜಿಗೆ ಹೋದೆ. ಸಂಘ ಅಷ್ಟರಲ್ಲಿ ಹೊರದೇಶದ ತಂಪು ಪಾನೀಯದ ಬಹಿಷ್ಕಾರಕ್ಕೆ ಕರಪತ್ರ ಬರೆಯಲು ನನಗೇ ಹೇಳಿತ್ತು.

ಐದನೆಯ ದಿನ ಓಣಿಯ ನಳದ ಹತ್ತಿರ ಎದುರಾದಳು. ನಾನೇ ತಡವರಿಸುತ್ತ, "ಸಾವುಕಾರ್ರ ಕೂಡ ಮಾತಾಡ್ತೀನಿ ಅಕ್ಕಾ" ಎಂದೆ. ಆಕೆ ಕೊಡವನ್ನು ಟೊಂಕಕ್ಕೇರಿಸಿಕೊಂಡಳು.

"ಬ್ಯಾಡ್ರಿ ಸರ. ಆ ಸಮುದ್ರದಾಚಿ ಹೆಣ್ಮಗಳ ಕೆಲಸ ಹೋತಂತ. ಅದನ್ನೂ ಬರ್ಕೋರಿ."