ಇಂಗು ಬಿದ್ದ ಟೀ-ಕಾಫಿ

ನಾನು ಮಾಡಿಕೊಟ್ಟ ಟೀ-ಕಾಫಿಯನ್ನು ಒಂದೇ ಒಂದು ಗುಟುಕು ಕುಡಿದ ನನ್ನ ಗಂಡ, ಬಾಯಿ ಮುಚ್ಚಿಕೊಂಡು ಹಿತ್ತಲಿಗೆ ಓಡಿಹೋಗಿ ಉಗಿದ.

ಹೌದು, ಟೀ-ಕಾಫಿ. ಎರಡೂ ಒಂದೇ ಲೋಟದಲ್ಲಿ. ಮುಖ ಸಿಂಡರಿಸಬೇಡಿ, ಮೊದಲು ಕೇಳಿ.

ನಾನು ಬಿಡದಿಯ ಫ್ಯಾಕ್ಟರಿಯೊಂದರ ಸ್ಟೋರ್ಸ್‌ನಲ್ಲಿ ಕೆಲಸ ಮಾಡುವುದು ನಿಮಗೆ ಗೊತ್ತೇ ಇದೆ (ನಟ್ಟು ಬೋಲ್ಟು ಕೊಡುವವಳು ಅಂಕಣ ಬರೀತಾಳಂತೆ ಅಂತ ನಕ್ಕವರೂ ನಿಮ್ಮಲ್ಲೇ ಇದ್ದೀರಿ). ಈ ವರ್ಷ ನಮ್ಮಲ್ಲಿಗೆ ಹೊಸ ಮೆಷಿನ್ ಬಂತು. ಅದನ್ನು ಕೂರಿಸಲು ಇಟಲಿಯಿಂದ ಮಾರ್ಕೊ ಅನ್ನುವ ಎಂಜಿನಿಯರ್ ಬಂದ. ನಮ್ಮ ಕ್ಯಾಂಟೀನಿನ ಮಸಾಲೆ ಟೀ ಅಂದರೆ ಅವನಿಗೆ ಪ್ರಾಣ. ಆದರೆ ಕಾಫಿಯನ್ನೂ ಬಿಟ್ಟಿರಲಾರ. ಏನು ಮಾಡಿದ ಗೊತ್ತಾ? ತಾನು ತಂದಿದ್ದ ಪುಟ್ಟ ಅಲ್ಯೂಮಿನಿಯಂ ಪಾಟ್‌ನಲ್ಲಿ ಕರ್ರಗೆ, ಗಟ್ಟಿಯಾಗಿ ಎಸ್ಪ್ರೆಸೊ ಇಳಿಸಿ, ಟೀಗೆ ಸುರಿದುಕೊಂಡ. ನನಗೂ ಒಂದು ದಿನ ಕೊಟ್ಟ. ಟೀ ಮೈ ಸವರಿತು, ಕಾಫಿ ಬೆನ್ನು ತಟ್ಟಿ ಎಬ್ಬಿಸಿತು. ನಾನು ಸೋತುಹೋದೆ.

ಊರಿಗೆ ಹೊರಡುವ ದಿನ ಮಾರ್ಕೊ ಆ ಪಾಟ್ ಅನ್ನು ನನ್ನ ಟೇಬಲ್ ಮೇಲಿಟ್ಟು ಹೋದ. ಮೂರು ವಾರ ಅದು ನಮ್ಮ ರಾಮನಗರದ ಮನೆಯ ಅಟ್ಟದಲ್ಲಿ ಕೂತಿತ್ತು. ಒಂದು ಭಾನುವಾರ ಬೆಳಗ್ಗೆ ಕೆಳಗಿಳಿಸಿದೆ.

ಯಾಕೆ ಇಳಿಸಿದೆ ಅನ್ನುವುದನ್ನು ಹೇಳಲು ನಾಚಿಕೆಯಾಗುತ್ತದೆ. ಆದರೂ ಹೇಳುತ್ತೇನೆ. ನಮ್ಮತ್ತೆಗೆ ಒಂದು ಕಹಿ ಸುದ್ದಿ ತಿಳಿಸುವುದಿತ್ತು. ಅದಕ್ಕೆ ಮೊದಲು ಒಂದು ಲೋಟ ಸಿಹಿ ಕೊಡೋಣ ಅಂತ.

ನಮ್ಮತ್ತೆ ಸಾಕಮ್ಮ ಕನಕಪುರದಾಚೆಯ ಉಯ್ಯಂಬಳ್ಳಿ ಕಡೆಯವರು. ಅವರ ಕೈಯ ಬಸ್ಸಾರು ಉಂಡವರು ಮುಂದೆ ಹತ್ತು ಮನೆಯಲ್ಲಿ ಅದರ ಮಾತಾಡುತ್ತಾರೆ. ಈ ವರ್ಷ ನನಗೆ ಫಸ್ಟ್ ಶಿಫ್ಟ್ ಬಿತ್ತು. ಬೆಳಗ್ಗೆ ಐದೂವರೆಗೆ ಕಂಪನಿ ಬಸ್ಸು. ಮನೆಯ ಅಡುಗೆಯಷ್ಟೂ ಅತ್ತೆಯ ತಲೆ ಮೇಲೆ ಬಿತ್ತು. ಆವತ್ತು ಅವರು ನನ್ನ ಮುಖ ನೋಡದೆ, ರಾಗಿ ಕೇರುತ್ತಾ, "ಅಡ್ಗೆ ಯೋಚ್ನೆ ಬುಡು. ನೀನೋಗು" ಅಂದಿದ್ದರು. ನನ್ನ ಕಿವಿಗೆ ಅದು ಸಿಟ್ಟಿನ ಮಾತಾಗಿ ಕೇಳಿತು.

ಆಷಾಢ ಕಳೆದಿದ್ದೇ ತಡ, ಅಡುಗೆ ಕೆಡುತ್ತಾ ಬಂತು. ಒಗ್ಗರಣೆ ಸೀದಿರುತ್ತಿತ್ತು. ಕೊಬ್ಬರಿ ಮುಗ್ಗಲು. ಒಮ್ಮೊಮ್ಮೆ ಇಂಗಿನ ಡಬ್ಬಿಯೇ ಸಾರಿಗೆ ಬಿದ್ದಂತೆ. ಒಂದು ಮಧ್ಯಾಹ್ನ ಕ್ಯಾಂಟೀನಿನಲ್ಲಿ ಡಬ್ಬಿ ತೆಗೆದರೆ ಹುಳಿ ಬಂದ ಹಿಂದಿನ ದಿನದ ಸಾರು. ಪಕ್ಕದಲ್ಲಿ ಕೂತಿದ್ದ ಇಬ್ಬರು ತಟ್ಟೆ ಎತ್ತಿಕೊಂಡು ಬೇರೆ ಟೇಬಲ್‌ಗೆ ಹೋದರು. ನಾನು ಡಬ್ಬಿ ಮುಚ್ಚಿ ಬಾತ್‌ರೂಮಿಗೆ ಹೋಗಿ ಅತ್ತುಬಿಟ್ಟೆ.

ಬೇಕಂತಲೇ ಮಾಡುತ್ತಿದ್ದಾರೆ. ನನಗೆ ಅನುಮಾನವೇ ಉಳಿಯಲಿಲ್ಲ. ಸೊಸೆ ಕೆಲಸಕ್ಕೆ ಹೋಗುವುದು ಇಷ್ಟವಿಲ್ಲ, ಬಾಯಿಬಿಟ್ಟು ಹೇಳುವುದಿಲ್ಲ, ಸಾರಿನಲ್ಲಿ ಹೇಳುತ್ತಿದ್ದಾರೆ! ಒಂದು ಸಂಜೆ ನಾನು ಓವರ್‌ಟೈಮ್ ಮುಗಿಸಿ ಬರುವ ಹೊತ್ತಿಗೆ ಮನೆಯೆಲ್ಲಾ ಗ್ಯಾಸ್ ವಾಸನೆ. ಅತ್ತೆ ಅದೇ ಅಡುಗೆಮನೆಯಲ್ಲಿ ಕೂತು ನಿರಾಳವಾಗಿ ಅವರೆಕಾಯಿ ಸುಲಿಯುತ್ತಿದ್ದಾರೆ. ಓಡಿಹೋಗಿ ಸಿಲಿಂಡರ್ ಆಫ್ ಮಾಡಿ, ಕಿಟಕಿ ತೆಗೆದು, ಬಾಯಿಗೆ ಬಂದಂತೆ ಕೂಗಾಡಿದೆ. ಅವರು ತಲೆ ತಗ್ಗಿಸಿ ಕಾಯಿ ಸುಲಿಯುತ್ತಲೇ ಇದ್ದರು. ಆ ಮೌನವೂ ನನಗೆ ಪೊಗರಾಗಿಯೇ ಕಂಡಿತು.

ಸರಿ, ಗಂಡ ನಾಗರಾಜನನ್ನು ಒಪ್ಪಿಸಿದೆ. ಅವನೂ ಅದೇ ಇಂಡಸ್ಟ್ರಿಯಲ್ ಏರಿಯಾದಲ್ಲಿ ಎಲೆಕ್ಟ್ರಿಷಿಯನ್. ಬಿಡದಿಯಲ್ಲೇ ಪುಟ್ಟದೊಂದು ಬಾಡಿಗೆ ಮನೆ, ಅತ್ತೆ ಕನಕಪುರದಲ್ಲಿರುವ ನಮ್ಮ ಭಾವನ ಮನೆಗೆ. ಮನೆ ನೋಡಿದ್ದೂ ಆಯಿತು. ಅತ್ತೆಗೆ ಹೇಳುವುದೊಂದು ಬಾಕಿ.

ಆ ಭಾನುವಾರ ಆರು ಗಂಟೆಗೇ ಎದ್ದೆ. ಪಾಟ್‌ನ ಕೆಳಗಿನ ಭಾಗಕ್ಕೆ ನೀರು, ನಡುವಿನ ಜಾಲರಿಗೆ ಕಾಫಿಪುಡಿ ತುಂಬಿ ಸಣ್ಣ ಉರಿಗಿಟ್ಟೆ. ಇನ್ನೊಂದು ಒಲೆಯಲ್ಲಿ ಟೀ ಸೊಪ್ಪು, ಜಜ್ಜಿದ ಶುಂಠಿ. ಹಿಂದಿನ ದಿನ ಏಲಕ್ಕಿ, ಲವಂಗ, ಚಕ್ಕೆ ಪುಡಿ ಮಾಡಿ ಒಂದು ಜಾಮ್ ಬಾಟಲಿಯಲ್ಲಿ ತುಂಬಿಟ್ಟಿದ್ದೆ. ಶೆಲ್ಫಿನಿಂದ ಬಾಟಲಿ ತೆಗೆದು ಧಾರಾಳವಾಗಿ ಎರಡು ಚಮಚ ಹಾಕಿದೆ.

ಹಾಲು ಮಾತ್ರ ನೊರೆ ಬರಲೊಲ್ಲದು. ಲೋಟದಿಂದ ಲೋಟಕ್ಕೆ ಎತ್ತಿ ಸುರಿದೆ, ಕಟ್ಟೆಯೆಲ್ಲಾ ಹಾಲಾಯಿತು. ಸದ್ದಿಗೆ ಅತ್ತೆ ಎದ್ದು ಬಂದರು.

"ಏನವ್ವಾ ಮಾಡ್ತಿದ್ದೀ?"

"ಹಾಲಿಗೆ ನೊರೆ ಬರಿಸಬೇಕು ಅತ್ತೆ. ಬರ್ತಾನೇ ಇಲ್ಲ."

"ಅಷ್ಟೆಯಾ? ಕೊಡಿಲ್ಲಿ" ಅಂದವರೇ ಮಜ್ಜಿಗೆ ಕಡೆಯುವ ಸಣ್ಣ ಕಡಗೋಲು ತೆಗೆದು, ಪಾತ್ರೆಯನ್ನು ಪಾದಗಳ ನಡುವೆ ಹಿಡಿದು ಕೂತು, ಎರಡು ಅಂಗೈಯಲ್ಲಿ ತಿರುವಿದರು. ಎರಡೇ ನಿಮಿಷಕ್ಕೆ ಹಾಲಿನ ಮೇಲೆ ಹತ್ತಿ ಅರಳಿದಂಥ ನೊರೆ. (ಮಾರ್ಕೊ ನೋಡಿದ್ದರೆ ಕಾಲಿಗೆ ಬೀಳುತ್ತಿದ್ದ.)

ಅಷ್ಟರಲ್ಲಿ ಪಾಟ್ ಬುಸುಗುಟ್ಟಿ ಕಾಫಿ ಮೇಲೇರಿತು. ಅದರ ಘಾಟು ಮನೆಯನ್ನೆಲ್ಲಾ ತುಂಬಿಕೊಂಡಿತು. ಟೀ ಸೋಸಿ, ಸಕ್ಕರೆ ಹಾಕಿ, ಹಾಲು ಬೆರೆಸಿ, ಮೇಲಿಂದ ಕಾಫಿ ಸುರಿದು ಮೂರು ಲೋಟ ತಂದೆ. ಮನಸ್ಸಿನಲ್ಲಿ ಮಾತು ಜೋಡಿಸಿಕೊಳ್ಳುತ್ತಿದ್ದೆ: "ಅತ್ತೆ, ಒಂದು ವಿಷಯ..."

ಆಗಲೇ ನಾಗರಾಜ ಹಿತ್ತಲಿಗೆ ಓಡಿದ್ದು.

"ಏನೇ ಹಾಕಿದ್ದೀಯಾ ಇದಕ್ಕೆ? ತೂ!"

ನಾನೂ ಒಂದು ಗುಟುಕು ಕುಡಿದೆ. ಇಂಗು! ಜೀರಿಗೆ, ಮೆಣಸು, ಮೇಲೆ ಗಂಟಲು ಹಿಡಿಯುವಷ್ಟು ಇಂಗು. ಕಾಫಿ ಘಾಟಿನಲ್ಲಿ, ನನ್ನ ಗಡಿಬಿಡಿಯಲ್ಲಿ ಲಕ್ಷ್ಯವೇ ಹೋಗಿರಲಿಲ್ಲ. ನಾನು ತೆಗೆದದ್ದು ಅತ್ತೆಯ ಮೆಣಸುಸಾರಿನ ಪುಡಿಯ ಬಾಟಲಿ. ಅದೇ ಥರದ ಜಾಮ್ ಬಾಟಲಿ, ಅದೇ ಕಂದು ಬಣ್ಣ.

"ಅತ್ತೆ, ಕುಡೀಬೇಡಿ" ಅಂತ ತಿರುಗಿದೆ. ಅವರ ಲೋಟ ಖಾಲಿಯಾಗಿತ್ತು.

"ಯಾಕವ್ವಾ? ಚೆನ್ನಾಗೈತೆ" ಅಂದರು. "ಶುಂಠಿ ಒಸಿ ಜಾಸ್ತಿ ಬಿದ್ದೈತೆ, ಅಷ್ಟೆಯಾ."

ಹಂಗಿಸುತ್ತಿದ್ದಾರಾ? ಮೊದಲು ಹಾಗೇ ಅನ್ನಿಸಿತು ನೋಡಿ, ನನ್ನ ಬುದ್ಧಿ! ಆದರೆ ಅವರ ಮುಖದಲ್ಲಿ ವ್ಯಂಗ್ಯವಿರಲಿಲ್ಲ. ಸೊಸೆ ಅಪರೂಪಕ್ಕೆ ಏನೋ ಮಾಡಿಕೊಟ್ಟಳು ಅನ್ನುವ ಖುಷಿ ಮಾತ್ರ ಇತ್ತು. ನನಗೆ ಏನೋ ಹೊಳೆದಂತಾಯಿತು. ಒಳಗಿಂದ ಬಾಟಲಿ ತಂದು, ಮುಚ್ಚಳ ತೆಗೆದು, ಅವರ ಮೂಗಿನ ಹತ್ತಿರ ಹಿಡಿದೆ.

"ಇದು ಯಾವ ಪುಡಿ ಅತ್ತೆ?"

ಅವರು ಮೂಸಲಿಲ್ಲ. ಕಣ್ಣು ಕಿರಿದು ಮಾಡಿ ಬಣ್ಣ ನೋಡಿದರು. "ನೀನು ನೆನ್ನೆ ಕುಟ್ಕಂಡ್ಯಲ್ಲ, ಟೀಗೆ ಹಾಕೋ ಪುಡಿ. ಅದೇ ಅಲ್ವಾ?"

ಅದು ಅವರೇ ಹುರಿದು, ಅವರೇ ಕುಟ್ಟಿದ ಪುಡಿ.

ಹಿತ್ತಲಿಂದ ಬಂದ ನಾಗರಾಜ ಬಾಗಿಲಲ್ಲೇ ನಿಂತುಬಿಟ್ಟ. ನಾನು ನೆಲದ ಮೇಲೆ ಅವರ ಪಕ್ಕ ಕೂತೆ.

"ಎಷ್ಟು ದಿನದಿಂದ ಅತ್ತೆ?"

ಅವರು ಖಾಲಿ ಲೋಟವನ್ನು ಸೆರಗಿನಿಂದ ಒರೆಸುತ್ತಾ ಕೂತರು.

"ಆಸಾಡದಲ್ಲಿ ಜ್ವರ ಬಂದಿತ್ತಲ್ಲ, ಆವತ್ತಿಂದ. ಯಾವುದ್ರ ವಾಸ್ನೇನೂ ತಿಳಿಯಾಕಿಲ್ಲ. ಬಾಯ್ಗೆ ಉಪ್ಪು, ಖಾರ, ಸಿಹಿ ಅಷ್ಟೆಯಾ. ಮಿಕ್ಕಿದ್ದೆಲ್ಲಾ ಮಣ್ಣು ತಿಂದಂಗೆ."

"ಮತ್ತೆ ಯಾಕವ್ವಾ ಯೋಳ್ನಿಲ್ಲ?" ಅಂದ ನಾಗರಾಜ.

"ಯೋಳಿದ್ರೆ ಇವ್ಳು ಕೆಲ್ಸ ಬುಟ್ಬುಡೋಳು ಕಣ್ಲಾ" ಅಂದರು ಅತ್ತೆ. "ಅತ್ತೆ ಕೈಲಿ ಅಡ್ಗೆ ಆಗಾಕಿಲ್ಲ ಅಂದ್ರೆ ಇನ್ಯಾರು ಮಾಡ್ಬೇಕು? ಪ್ಯಾಂಟು ಸರ್ಟು ಹಾಕ್ಕಂಡು, ಕೊಳ್ಗೆ ಕಾರ್ಡು ನೇತಾಕ್ಕಂಡು ಬಸ್ಸು ಹತ್ತೋಳು. ನಾನು ದಿನಾ ಕಿಟ್ಕೀಲಿ ನಿಂತ್ಕಂಡು ನೋಡ್ತೀನಿ. ಅದ್ನ ತಪ್ಪಿಸ್ಲಾ?"

ಕಿಟಕಿಯಲ್ಲಿ ನಿಂತು ನೋಡುತ್ತಾರಂತೆ. ಕೆಲಸಕ್ಕೆ ಸೇರಿದ ಈ ಎರಡು ವರ್ಷದಲ್ಲಿ ಒಂದು ದಿನವೂ ನಾನು ಹಿಂತಿರುಗಿ ನೋಡಿಲ್ಲ.

ಗ್ಯಾಸ್ ವಾಸನೆಯ ಆ ಸಂಜೆ ಈಗ ನೆನಪಾಯಿತು. ಒಂದು ಬೆಂಕಿಕಡ್ಡಿ ಗೀರಿದ್ದರೆ? ನಾನು ಅವರ ಕೈ ಹಿಡಿದುಕೊಂಡೆ. "ಅತ್ತೆ, ನಾವು ಇವತ್ತು ನಿಮಗೊಂದು ವಿಷಯ ಹೇಳಬೇಕು ಅಂತಿದ್ವಿ..." ಅಂದೆ.

"ಬಿಡ್ದಿ ಮನೆ ವಿಸ್ಯ ಅಲ್ವಾ?" ಅಂದರು.

ನಾನು ತಿರುಗಿ ನಾಗರಾಜನ ಮುಖ ನೋಡಿದೆ.

"ಗುರುವಾರ ಇವ್ನು ಫೋನ್ ಮನೇಲೇ ಮರ್ತೋಗಿದ್ನಲ್ಲ, ಆವಾಗ ಆ ಮನೆ ಓನರ್ರು ಫೋನ್ ಮಾಡಿದ್ರು. ನಾನೇ ಎತ್ತಿದ್ದೆ. ಯಾವತ್ತು ಬತ್ತೀರಿ ಅಂತ ಕೇಳಿದ್ರು. ಯೋಳ್ತೀರೇನೋ ಅಂತ ಕಾಯ್ತಾ ಇದ್ದೆ." ಆಮೇಲೆ ಸಣ್ಣ ದನಿಯಲ್ಲಿ, "ಸೀರೆ ಎಲ್ಲಾ ಒಗ್ದು ಮಡಿಸಿ ಮಡಗಿವ್ನಿ. ಕನಕಪುರದ ಬಸ್ಸಿಗೆ ಕೂರಿಸ್ಬುಟ್ರೆ ಸಾಕು" ಅಂದರು.

ಒಳಕೋಣೆಗೆ ಹೋಗಿ ನೋಡಿದೆ. ಮಂಚದ ಕೆಳಗೆ ಹಸಿರು ಬ್ಯಾಗು. ನಾಲ್ಕು ಸೀರೆ, ಒಂದು ಶಾಲು, ಎಲೆ-ಅಡಿಕೆ ಚೀಲ. ಎಲ್ಲ ಗೊತ್ತಿದ್ದೂ ಈ ಹೆಂಗಸು ಬೆಳಗ್ಗೆ ಎದ್ದು ಬಂದು ನನ್ನ ಹಾಲಿಗೆ ನೊರೆ ಬರಿಸಿಕೊಟ್ಟಿದ್ದರು! ನಾನು ಸೀರೆಗಳನ್ನು ಒಂದೊಂದಾಗಿ ತೆಗೆದು ಬೀರುವಿಗೆ ಜೋಡಿಸಿದೆ. ಜೋಡಿಸುವಾಗ ಅಳುತ್ತಿದ್ದೆ, ಮುಚ್ಚಿಡುವುದೇನು?

ಮಾರನೆಯ ದಿನ ರಜೆ ಹಾಕಿ ಅವರನ್ನು ಡಾಕ್ಟರ್ ಹತ್ತಿರ ಕರೆದುಕೊಂಡು ಹೋದೆ. ಜ್ವರದಲ್ಲಿ ವಾಸನೆಯ ನರಕ್ಕೆ ಪೆಟ್ಟಾಗಿದೆ ಅಂದರು. ನಿಧಾನಕ್ಕೆ ಬರಬಹುದು, ಬರದೆಯೂ ಇರಬಹುದು. ಇದು ನಡೆದು ಒಂದು ತಿಂಗಳಾಯಿತು. ಇನ್ನೂ ಬಂದಿಲ್ಲ. ಬಿಡದಿಯ ಮನೆ ಬೇರೆಯವರ ಪಾಲಾಯಿತು. ನಾನು ಕೆಲಸ ಬಿಟ್ಟಿಲ್ಲ (ಬಿಡುತ್ತೇನೆ ಅಂದಿದ್ದಕ್ಕೆ ಅತ್ತೆ ಒಂದು ಹೊತ್ತು ಊಟ ಬಿಟ್ಟರು). ಈಗ ಅಡುಗೆಯನ್ನು ಹಿಂದಿನ ಸಂಜೆಯೇ ಇಬ್ಬರೂ ಸೇರಿ ಮಾಡುತ್ತೇವೆ. ಕೈ ಅವರದು, ಮೂಗು ನನ್ನದು. "ಈಗ ನೋಡು, ಬೆಂತಾ? ಘಮ್ ಅಂತೈತಾ?" ಅಂತ ಕೇಳುತ್ತಾರೆ. ನಾನು ಮೂಸಿ ಹೇಳುತ್ತೇನೆ. ಬಸ್ಸಾರು ಮೊದಲಿನಂತಾಗಿದೆ ಅಂತ ನೆರೆಮನೆಯವರ ಸರ್ಟಿಫಿಕೇಟ್ ಕೂಡ ಸಿಕ್ಕಿದೆ.

ಹೋದ ಭಾನುವಾರ ಟೀ-ಕಾಫಿಯನ್ನು ಸರಿಯಾಗಿ ಮಾಡಿದೆವು. ಅತ್ತೆ ಲೋಟ ಹಿಡಿದು, "ಬಿಸಿ ಐತೆ. ಸಿಹಿ ಐತೆ. ಮಿಕ್ಕಿದ್ದು ನೀನೇ ಯೋಳು, ಎಂಗೈತೆ?" ಅಂದರು.

ನಾನು ಯೋಚಿಸಿ ಯೋಚಿಸಿ ಹೇಳಿದೆ. "ಮೊದಲು ಏಲಕ್ಕಿ ಬರುತ್ತೆ ಅತ್ತೆ, ಹೋಳಿಗೆ ಹೂರಣ ರುಬ್ಬುವಾಗ ಬರುತ್ತಲ್ಲ, ಹಾಗೆ. ಅದರ ಹಿಂದೆ ಲವಂಗ. ಆಮೇಲೆ ಕಾಫಿ... ಒಲೆ ಮೇಲೆ ರಾಗಿ ಹುರಿಯುವಾಗ, ಇನ್ನೇನು ಸೀದುಹೋಗುತ್ತೆ ಅನ್ನೋ ಹೊತ್ತಿಗೆ ಒಂದು ವಾಸನೆ ಬರುತ್ತಲ್ಲ, ಅದು."

ಅತ್ತೆ ಕಣ್ಣು ಮುಚ್ಚಿಕೊಂಡು ಕೇಳಿದರು. ಒಂದು ಗುಟುಕು ಕುಡಿದರು. "ಊಂ. ಗೊತ್ತಾಯ್ತು" ಅಂದರು.

ಇದನ್ನು ಬರೆಯಲು ಅವರ ಒಪ್ಪಿಗೆ ಕೇಳಿದೆ. "ಬರ್ಕೊ, ನಾಕ್ ಜನುಕ್ಕೆ ತಿಳೀಲಿ" ಅಂದರು. ಅದಕ್ಕೇ ನಿಮ್ಮನ್ನೂ ಕೇಳುತ್ತಿದ್ದೇನೆ: ಸಾರು ಚೆನ್ನಾಗಿಲ್ಲ ಅಂತ ತಟ್ಟೆ ತಳ್ಳುವುದು ನಮಗೆಲ್ಲ ಬರುತ್ತದೆ, ಆದರೆ ಅದನ್ನು ಬಡಿಸಿದವರನ್ನು "ನಿಮಗೆ ಹೇಗಿತ್ತು?" ಅಂತ ಕೊನೆಯ ಸಲ ಕೇಳಿದ್ದು ಯಾವಾಗ?