ಖಾರ ಕಡಿಮೆಯ ಎಣ್ಣೆಗಾಯಿ

ನಮ್ಮ ಮನೆಯವರು ಪರದೇಶದಲ್ಲಿ, ಬೋಲ್ಟನ್ ಎಂಬ ಊರಿನ ಒಂದು ವೇರ್‌ಹೌಸಿನಲ್ಲಿ ಫೋರ್ಕ್‌ಲಿಫ್ಟ್ ಓಡಿಸುತ್ತಿದ್ದರು. ಯುರೋಪಿನಿಂದ ಬರುವ ವೈನಿನ ಪೆಟ್ಟಿಗೆಗಳನ್ನು ಇಳಿಸಿ ಏರಿಸಿಡುವ ಕೆಲಸ. ಧಾರವಾಡದಲ್ಲಿ ಹುಟ್ಟಿ ಬೆಳೆದವರು, ನಲವತ್ತು ದಾಟಿದರೂ ಚಹಾ ಬಿಟ್ಟು ಬೇರೇನೂ ಕುಡಿಯದವರು. 2015ರಲ್ಲಿರಬೇಕು, ದಕ್ಷಿಣ ಫ್ರಾನ್ಸಿನ ಒಂದು ಸಣ್ಣ ವೈನರಿಯವರು ಬಂದು ಕೆಲಸದವರಿಗೆಲ್ಲ ತಮ್ಮ ವೈನುಗಳ ರುಚಿ ತೋರಿಸಿದರಂತೆ. ಅವತ್ತು ಸಂಜೆ ಬೂಟು ಸಹ ಬಿಚ್ಚದೆ ಅಡುಗೆಮನೆಯ ಬಾಗಿಲಿಗೆ ಬಂದು ನಿಂತರು.

"ಲೇ, ದ್ರಾಕ್ಷಿ ರಸದಾಗ ಕರಿಮೆಣಸಿನ ವಾಸನಿ ಬರತೈತಿ. ಯಾರೂ ಹಾಕಿಲ್ಲಂತ, ತಾನ ಬರತೈತಂತ!"

"ಮೊದಲ ಬೂಟು ಬಿಚ್ಚರಿ, ಹಿಮ ಕರಗಾಕತ್ತೈತಿ," ಎಂದೆ.

ಅಲ್ಲಿಂದ ಶುಕ್ರವಾರ ಸಂಜೆಗೆ ಒಂದು ಗ್ಲಾಸು ರೂಢಿಯಾಯಿತು. ಅದೂ ಆ ಒಂದೇ ವೈನರಿಯದು. ಬೇರೆಯವರದು ಬೇಡವೇ ಎಂದರೆ, "ಒಂದು ಮನೀ ಊಟ ಪೂರಾ ತಿಳೀಲಿ ತಡಿ," ಎನ್ನುತ್ತಿದ್ದರು. ಬಾಟಲಿಯ ಹಿಂದಿನ ಚೀಟಿಯಲ್ಲಿ ಯಾವುದರ ಜೊತೆ ಏನು ತಿನ್ನಬೇಕೆಂದು ಬರೆದಿರುತ್ತಿತ್ತು: ಕುರಿಮಾಂಸ, ಬಾತುಕೋಳಿ, ಆಡಿನ ಹಾಲಿನ ಚೀಸು. ನಮ್ಮದೋ ತತ್ತಿ ಸಹ ಒಳಗೆ ಬರದ ಮನೆ. "ನಮ್ಮ ಬದನೀಕಾಯಿಗೆ ಏನ ಕಡಿಮಿ ಆಗೇತಿ?" ಎಂದು ಚೀಟಿಯನ್ನು ಬದಿಗಿಟ್ಟು ತಾವೇ ಜೋಡಿ ಹುಡುಕತೊಡಗಿದರು.

ಬಿಳಿ ವೈನಿನಲ್ಲಿ ಲಿಂಬೆಯ ಸಿಪ್ಪೆ ಮತ್ತು ಹಸಿ ಬಡೇಸೋಪಿನ ವಾಸನೆ ಇರುತ್ತಿತ್ತು. ಅದಕ್ಕೆ ಹೆಸರುಬೇಳೆ ಕೋಸಂಬರಿ. ಇನ್ನೊಂದು, ಉಳ್ಳಾಗಡ್ಡಿ ಸಿಪ್ಪೆಯ ಬಣ್ಣದ್ದು, ತಣ್ಣಗೆ ಮಾಡಿಕೊಂಡು ಚುರುಮುರಿಯ ಗಿರಮಿಟ್ಟಿನ ಜೊತೆ. ಒಣದ್ರಾಕ್ಷಿ ಕುದಿಸಿದಂತೆ ವಾಸನೆ ಬರುವ ಸಿಹಿ ವೈನೊಂದಿತ್ತು. ಅದು ಶೇಂಗಾ ಹೋಳಿಗೆಯ ಜೊತೆ ಚೆನ್ನ, ಆದರೆ ಎರಡನೆಯ ಹೋಳಿಗೆಗೆ ಮುಖ ಕಟ್ಟುತ್ತದೆ ಎಂದು ತೀರ್ಮಾನವಾಯಿತು. ಅವರ ಜೀವ ಮಾತ್ರ ಕೆಂಪು ವೈನಿನ ಮೇಲೆ. ನೇರಳೆಹಣ್ಣು, ಕರಿಮೆಣಸು, ಒಲೆ ಆರಿದ ಮೇಲಿನ ಹೊಗೆ, ಕೊನೆಗೆ ನಾಲಿಗೆ ಹಿಡಿದುಕೊಳ್ಳುವ ಒಗರು. ಇದಕ್ಕೆ ಎಣ್ಣೆಗಾಯಿಯೇ ಸರಿ, ಶೇಂಗಾ, ಗುರೆಳ್ಳು ಒಗರನ್ನು ಮೆತ್ತಗೆ ಮಾಡುತ್ತವೆ ಎಂದರು. ತೊಡಕಿದ್ದದ್ದು ಒಂದೇ. ಖಾರ ಹೆಚ್ಚಾದರೆ ವೈನು ಗಂಟಲಲ್ಲಿ ಉರಿದು ಕಹಿಯಾಗುತ್ತಿತ್ತು.

"ಬಾಟ್ಲಿ ಸಲುವಾಗಿ ನಾ ಪಲ್ಯಾ ಸಪ್ಪ ಮಾಡಬೇಕೇನ್ರಿ?"

"ಸಪ್ಪ ಅಲ್ಲಲೇ. ಒಬ್ಬರು ದನಿ ಇಳಿಸಿದ್ರ ಇನ್ನೊಬ್ಬರದು ಕೇಳತೈತಿ. ಮನ್ಯಾಗ ನೀ ಇಳಿಸೂದಿಲ್ಲ, ಪಲ್ಯಾದಾಗರ ಇಳಿಸು."

ಹೀಗೆ ನನ್ನ ಎಣ್ಣೆಗಾಯಿಯ ಖಾರಪುಡಿ ಮೂರು ಚಮಚದಿಂದ ಒಂದಕ್ಕೆ ಇಳಿಯಿತು. ಕೈಗೆ ಅದೇ ರೂಢಿಯಾಯಿತು.

ಪ್ರತಿ ಸಲ ಗ್ಲಾಸನ್ನು ನನ್ನ ಕಡೆ ಚಾಚುತ್ತಿದ್ದರು. ನಾನು ಮೂಸಿ ನೋಡಿ ಹಿಂದಕ್ಕೆ ಕೊಡುತ್ತಿದ್ದೆ. "ಮೂಗಿಗೆ ಸಾಕು, ಬಾಯಿಗೆ ಬ್ಯಾಡ." "ಮೊದಲನೇ ಗುಟುಕು ಲೆಕ್ಕಕ್ಕಿಲ್ಲಲೇ. ಒಂದು ತುತ್ತು ತಿಂದು ಎರಡನೇದು ಕುಡದು ನೋಡು, ಬ್ಯಾರೆನ ಆಗಿರತೈತಿ," ಎನ್ನುತ್ತಿದ್ದರು. ಒತ್ತಾಯ ಮಾಡುತ್ತಿರಲಿಲ್ಲ. ಯಾವಾಗಲಾದರೂ ನೋಡಿದರಾಯಿತು ಎಂದು ನನಗೂ ಇತ್ತು.

ನಮ್ಮ ಅತ್ತೆ ಧಾರವಾಡದಲ್ಲಿ ದೊಡ್ಡ ಮಗನ ಮನೆಯಲ್ಲಿರುವವರು. ಒಮ್ಮೆ ಬಂದು ಆರು ತಿಂಗಳು ಇದ್ದಾಗ ಬಾಟಲಿಗಳೆಲ್ಲ ಬೇಸ್‌ಮೆಂಟಿನಲ್ಲಿ ಕಾರಿನ ಟೈರುಗಳ ಹಿಂದೆ ಸೇರಿದವು. "ಅವ್ವಗ ಗೊತ್ತಾಗೂದು ಬ್ಯಾಡ, ಜೀವಕ್ಕ ಹಚ್ಚಿಕೊಂತಾಳ," ಎಂದು ನನ್ನಿಂದ ಮಾತು ತೆಗೆದುಕೊಂಡಿದ್ದರು.

2017ರ ಚಳಿಗಾಲದಲ್ಲಿ ಒಂದು ಮುಂಜಾನೆ ಶಿಫ್ಟಿಗೆ ಹೊರಟವರಿಗೆ ಎದೆನೋವು ಬಂತು. ಆಸ್ಪತ್ರೆ ಮುಟ್ಟಿದರು, ಮನೆಗೆ ಬರಲಿಲ್ಲ. ಅತ್ತೆಗೆ ವೀಸಾ ಆಗಿ ಬರುವುದರೊಳಗೆ ವರ್ಷದ ಕಾರ್ಯವೂ ಮುಗಿದಿತ್ತು. ಆಮೇಲಿನ ಮಹಾಲಯ ಅಮಾವಾಸ್ಯೆಗೆ ಅವರು ನಮ್ಮ ಮನೆಯಲ್ಲಿದ್ದರು. ಹಿರಿಯರಿಗೆ ಎಡೆ ಇಡುವ ದಿನ. ತೀರಿಕೊಂಡವರಿಗೆ ಏನೇನು ಇಷ್ಟವೋ ಅದನ್ನೆಲ್ಲ ಮಾಡಿ ಎಲೆಯಲ್ಲಿ ಬಡಿಸಬೇಕು. ಎಡೆ ಆಗುವವರೆಗೆ ಯಾರೂ ರುಚಿ ನೋಡುವಂತಿಲ್ಲ. ಕಣ್ಣು, ಮೂಗಿನ ಮೇಲೆಯೇ ಅಡುಗೆ. ಅತ್ತೆ ಊರಿನಿಂದ ತಂದ ಗುರೆಳ್ಳು ಪುಡಿಯನ್ನು ಬಿಚ್ಚಿ ಕೊಟ್ಟು, ನನ್ನ ಪಕ್ಕ ನಿಂತು ರೊಟ್ಟಿ ಬಡಿಯುತ್ತಿದ್ದರು.

"ಯಾಕವಾ, ಖಾರಪುಡಿ ಡಬ್ಬಿ ಮುಚ್ಚಿಬಿಟ್ಟಿ?"

"ಇಷ್ಟ ಸಾಕ್ರಿ ಅತ್ತಿ."

"ಯಾರಿಗೆ ಸಾಕು? ಹಸಿಮೆಣಸಿನಕಾಯಿ ಕಚ್ಚಿಕೊಂಡು ರೊಟ್ಟಿ ತಿಂತಿದ್ದ ಹುಡುಗ ಅಂವ."

"ಈಚೀಚೆಗೆ ಕಡಿಮಿ ತಿಂತಿದ್ರು."

ರೊಟ್ಟಿ ಬಡಿಯುವ ಸದ್ದು ನಿಂತಿತು. ಅತ್ತೆ ಹಿಟ್ಟಿನ ಕೈಯಲ್ಲೇ ಕುರ್ಚಿ ಹಿಡಿದು ಕೂತರು.

"ಹೊಟ್ಟ್ಯಾಗ ಏನರ ಬ್ಯಾನಿ ಇತ್ತೇನು ಅವಗ? ಒಮ್ಮೆಲೆ ಎದಿ ನಿಂತು ಹೋದ ಅಂದ್ರಿ. ಎಷ್ಟು ದಿನದಿಂದ ನರಳತಿದ್ದ? ನನಗ್ಯಾಕ ಹೇಳಲಿಲ್ಲ?"

"ಹಂಗಲ್ರಿ ಅತ್ತಿ, ಏನೂ ಇರಲಿಲ್ಲ..."

"ಖಾರ ಬಿಟ್ಟಿದ್ದ ಅಂದ್ರ ಏನೂ ಇರಲಿಲ್ಲಂದ್ರ ಹೆಂಗವಾ?"

ಆ ಮುದುಕಿಯ ಮುಖ ನೋಡಲಾಗಲಿಲ್ಲ. ಮಗ ನರಳಿ ಸತ್ತ, ತನ್ನಿಂದ ಮುಚ್ಚಿಟ್ಟರು ಎಂಬುದನ್ನು ಹೊತ್ತುಕೊಂಡು ಅವರು ವಿಮಾನ ಹತ್ತುವುದು ನನಗೆ ಬೇಡವಾಗಿತ್ತು. ಮನೆಯವರಿಗೆ ಕೊಟ್ಟ ಮಾತು ಒಂದು ಕಡೆ ಇರಲಿ ಎಂದುಕೊಂಡೆ. ಒಲೆ ಆರಿಸಿ ಹೇಳಿಬಿಟ್ಟೆ. ಶುಕ್ರವಾರ, ಒಂದು ಗ್ಲಾಸು ವೈನು, ಅದಕ್ಕೆ ಖಾರ ಆಗಿಬರುವುದಿಲ್ಲ.

ಅತ್ತೆ ಬೆರಳಿನ ಹಿಟ್ಟನ್ನು ಒಂದೊಂದಾಗಿ ತಿಕ್ಕಿ ತೆಗೆದರು.

"ಕುಡದು ಬೀಳತಿದ್ನೇನು?"

"ಇಲ್ರಿ."

"ಒದರ್ಯಾಡತಿದ್ನೇನು?"

"ಇಲ್ಲ. ಮಾತಾಡತಿದ್ರು."

"ಏನಂತ?"

"ವಾಸನಿ ಬಗ್ಗೆ. ನ್ಯಾರಳಹಣ್ಣು, ಮೆಣಸು... ಯಾವ ಪಲ್ಯಾಕ್ಕ ಯಾವುದು ಹೊಂದತೈತಿ ಅಂತ."

"ಅವರಪ್ಪ ಹಬ್ಬದ ಊಟ ಉಂಡರೂ ಒಂದು ಮಾತಾಡಿದವರಲ್ಲ," ಎಂದರು ಅತ್ತೆ. ಕಣ್ಣು ಒರೆಸಿಕೊಂಡರು. "ಮನ್ಯಾಗ ಐತೇನದು?" ಎಂದು ಕೇಳಿದರು.

ಒಂದು ಬಾಟಲಿ ಉಳಿದಿತ್ತು. ಕೆಂಪು. ಇನ್ನೆರಡು ವರ್ಷ ಇಟ್ಟರೆ ಒಗರು ಇಳಿಯುತ್ತದೆ ಎಂದು ಅವರೇ ಎತ್ತಿಟ್ಟದ್ದು.

"ತಗೊಂಡು ಬಾ. ಅವಗ ಬೇಕಾದ್ದು ಇಡಲಿಲ್ಲಂದ್ರ ಎಡಿ ಯಾಕ ಹಿಡೀಬೇಕು?"

ಯೂನಿವರ್ಸಿಟಿಯಲ್ಲಿ ಓದುವ ನಮ್ಮ ಮಗಳೂ ಎಡೆಗೆಂದು ಮನೆಗೆ ಬಂದಿದ್ದಳು. ಬಿರಡೆ ತೆಗೆಯುವುದು ಅವಳಿಗೆ ಗೊತ್ತಿತ್ತು, ಅಪ್ಪನೇ ಕಲಿಸಿದ್ದ. "ಅವ್ವಾ, ಡೋಂಟ್ ಶೇಕ್ ಇಟ್, ತಳಕ್ಕ ಗಸಿ ಇರತೈತಿ," ಎಂದು ನನ್ನ ಕೈಯಿಂದ ಬಾಟಲಿ ಇಸಿದುಕೊಂಡಳು. ಥೇಟ್ ಅಪ್ಪನ ದನಿ. ಅವರ ಗ್ಲಾಸಿಗೆ ಬಗ್ಗಿಸಿದಳು. ಅತ್ತೆ ಬಾಟಲಿ ಮುಟ್ಟಲಿಲ್ಲ. ಆದರೆ ಎಲೆಯ ಮುಂದೆ ಕೂತು, "ಯಾವುದರ ಬಾಜೂಕ ಇಡಬೇಕದು?" ಎಂದು ನನ್ನನ್ನೇ ಕೇಳಿದರು. ಎಣ್ಣೆಗಾಯಿಯ ಪಕ್ಕಕ್ಕೆ ಎಂದೆ. ರೊಟ್ಟಿಯನ್ನು ಸರಿಸಿ ಜಾಗ ಮಾಡಿಕೊಟ್ಟರು.

ದೀಪ, ಊದಿನಕಡ್ಡಿ, ನಮಸ್ಕಾರ ಎಲ್ಲ ಆಯಿತು. ಬಾಗಿಲು ಮುಂದೆ ಮಾಡಿ, ಅವರು ಉಣ್ಣಲಿ ಎಂದು ಹೊರಗೆ ಕೂತೆವು. ತಿರುಗಿ ಒಳಗೆ ಬಂದಾಗ ಎಲೆಯಲ್ಲಿ ಎಲ್ಲವೂ ಇಟ್ಟಂತೆಯೇ ಇತ್ತು. ಹಾಗೆಯೇ ಇರುತ್ತದೆಂದು ಗೊತ್ತಿದ್ದೂ ಮೊದಲು ಗ್ಲಾಸನ್ನೇ ನೋಡಿದೆ.

ಎಡೆಯ ಊಟ ಮನೆಮಂದಿ ಉಣ್ಣಬೇಕು. ಚೆಲ್ಲಬಾರದು. ಅತ್ತೆ ರೊಟ್ಟಿ ಹರಿದು ಮೂವರಿಗೂ ಹಂಚಿದರು. ಗ್ಲಾಸು ಅಲ್ಲೇ ಉಳಿಯಿತು. ಮಗಳು ಕೈ ಚಾಚಿದಳು. "ನೀ ಅಲ್ಲ," ಎಂದು ಅತ್ತೆ ಅದನ್ನು ಎತ್ತಿ, ತುದಿಬೆರಳಲ್ಲೇ ಹಿಡಿದು, ನನ್ನ ಮುಂದೆ ತಂದಿಟ್ಟರು.

"ಚೆಲ್ಲೂದು ಬ್ಯಾಡವಾ."

ಕುಡಿದೆ. ಹುಳಿ, ಮೇಲೆ ಬಾಳೆಕಾಯಿ ಕಡಿದಂತೆ ಒಗರು. ನೇರಳೆಯೂ ಇಲ್ಲ, ಮೆಣಸೂ ಇಲ್ಲ. ಇಷ್ಟಕ್ಕೇನು ಎರಡು ವರ್ಷ ಅಷ್ಟು ಮಾತಾಡಿದರು ಎನ್ನಿಸಿತು. ಆಮೇಲೆ ರೊಟ್ಟಿಯಲ್ಲಿ ಎಣ್ಣೆಗಾಯಿ ಹಿಡಿದು ಒಂದು ತುತ್ತು ತಿಂದು, ಎರಡನೆಯ ಗುಟುಕು ಕುಡಿದೆ.

"ಹೆಂಗೈತಿ?" ಎಂದರು ಅತ್ತೆ.

"ಬ್ಯಾರೆ ಆತ್ರಿ."

"ಹೆಂಗ ಬ್ಯಾರೆ?"

ಅದನ್ನು ಹೇಳುವ ಮಾತುಗಳೆಲ್ಲ ಮನೆಯವರ ಹತ್ತಿರ ಇದ್ದವು. ನನಗೆ ಅಳು ಬಂತು. ಅತ್ತೆಗೆ ಉತ್ತರ ಬೇಕಿತ್ತು. ಎಲೆಯನ್ನು ನನ್ನ ಕಡೆ ಸರಿಸಿದರು.

"ಇನ್ನೊಂದು ತುತ್ತು ತಿಂದು ನೋಡು. ಆಮ್ಯಾಲೆ ಹೇಳು."